ದ್ವೀಪದ ಕಡಲಿಗೆ ಕಾವಲು: ಅನ್ಯಜೀವಿಗಳನ್ನು ಹಡಗಿನ ತಳದಲ್ಲೇ ತಡೆಯಬೇಕು, ಯಾಕೆ?

ಹೊರಗಿನಿಂದ ಬಂದು ದ್ವೀಪಗಳಲ್ಲಿ ಸೇರಿಕೊಂಡ ಇಲಿ, ಬೆಕ್ಕು, ಆಡುಗಳನ್ನು ನಿರ್ಮೂಲ ಮಾಡುವ ವಿದ್ಯೆ ಈಗ ಚೆನ್ನಾಗಿ ಪಳಗಿದೆ. 2020ರವರೆಗಿನ ಲೆಕ್ಕವನ್ನು ಒಟ್ಟುಗೂಡಿಸಿ 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದರ ಪ್ರಕಾರ 998 ದ್ವೀಪಗಳಲ್ಲಿ ಇಂಥ 1,550 ಪ್ರಯತ್ನಗಳು ನಡೆದಿವೆ, ಅವುಗಳಲ್ಲಿ ಶೇ 88 ಯಶಸ್ವಿಯಾಗಿವೆ. ಅದೇ ದ್ವೀಪಗಳ ದಡ ಇಳಿದು ನೀರಿಗೆ ಕಾಲಿಟ್ಟರೆ ಲೆಕ್ಕ ತಲೆಕೆಳಗಾಗುತ್ತದೆ. ಕಡಲಲ್ಲಿ ಬೇರೂರಿದ ಅನ್ಯಜೀವಿಯನ್ನು ಪೂರ್ತಿ ತೆಗೆದುಹಾಕಿದ ಪ್ರಕರಣಗಳು ಬೆರಳೆಣಿಕೆಯಷ್ಟು.

ಇಲಿಗೆ ದ್ವೀಪದ ಅಂಚೇ ಗಡಿ. ಕಡಲಕಳೆಯ ಬೀಜಕಣಕ್ಕೆ, ಚಿಪ್ಪುಜೀವಿಯ ಲಾರ್ವಾಕ್ಕೆ ಗಡಿಯೆಂಬುದೇ ಇಲ್ಲ. ನೀರು ಒಯ್ದಲ್ಲಿಗೆ ಹೋಗುತ್ತವೆ. ವಿಷ ಹಾಕಿದರೆ ಅಲೆ ಅದನ್ನು ನೋಡನೋಡುತ್ತ ತೆಳು ಮಾಡಿಬಿಡುತ್ತದೆ. ಕೈಯಿಂದ ಕಿತ್ತು ತೆಗೆಯೋಣವೆಂದರೆ, 20 ಮೀಟರ್ ಆಳದಲ್ಲಿ ಡೈವರ್‌ಗೆ ಒಂದು ಮುಳುಗಿಗೆ ಸಿಗುವ ಕೆಲಸದ ಹೊತ್ತು ಸುಮಾರು ಮುಕ್ಕಾಲು ಗಂಟೆ. ಕಲಕಿದ ನೀರಿನಲ್ಲಿ ಕಣ್ಣಿಗೆ ಕಾಣುವುದು ಒಂದೆರಡು ಮೀಟರ್. ಇಷ್ಟೆಲ್ಲ ಕಷ್ಟ ಬಿದ್ದು ಒಂದು ಕೊಲ್ಲಿಯನ್ನು ಶುಚಿ ಮಾಡಿದರೂ ಪಕ್ಕದ ಜೆಟ್ಟಿಯಲ್ಲಿ ಮರೆತ ಒಂದು ಹಗ್ಗ ಸಾಕು, ಎಲ್ಲ ಮೊದಲಿನಿಂದ ಶುರು.

2022ರ ಕುನ್ಮಿಂಗ್-ಮಾಂಟ್ರಿಯಲ್ ಜೀವವೈವಿಧ್ಯ ಒಪ್ಪಂದದ 6ನೇ ಗುರಿ, ಆಕ್ರಮಣಕಾರಿ ಪ್ರಭೇದಗಳ ಪ್ರವೇಶ ಮತ್ತು ನೆಲೆಯೂರುವಿಕೆಯನ್ನು 2030ರೊಳಗೆ ಕನಿಷ್ಠ ಅರ್ಧದಷ್ಟು ತಗ್ಗಿಸಬೇಕು ಎನ್ನುತ್ತದೆ. ದ್ವೀಪಗಳ ಹೆಸರನ್ನೂ ಅದರಲ್ಲಿ ವಿಶೇಷವಾಗಿ ಎತ್ತಿ ಹೇಳಲಾಗಿದೆ. ಕಡಲ ಮಟ್ಟಿಗೆ ಈ ಗುರಿ ಮುಟ್ಟುವ ದಾರಿ ಯಾವುದು ಎಂಬ ಪ್ರಶ್ನೆಗೆ, ಈ ಕ್ಷೇತ್ರದಲ್ಲಿ ದಶಕಗಟ್ಟಲೆ ದುಡಿದ ವಿಜ್ಞಾನಿಗಳ ಕೆಲಸವನ್ನು ನೋಡಿದರೆ ಒಂದೇ ಉತ್ತರ ಸಿಗುತ್ತದೆ: ಬರುವ ಮೊದಲು ತಡೆಯಬೇಕು, ತಪ್ಪಿಸಿಕೊಂಡು ಬಂದರೆ ಮೊದಲ ಕೆಲವು ವಾರಗಳಲ್ಲಿ ಹಿಡಿಯಬೇಕು. ಆದರೆ ಹಣ ಹೆಚ್ಚಾಗಿ ಹರಿಯುವುದು ಇದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿ. ಹವಳದ ಮೇಲೆ ಪಾಚಿ ಹೊದಿಕೆಯಂತೆ ಬಿದ್ದ ಚಿತ್ರಗಳು ಪತ್ರಿಕೆಯಲ್ಲಿ ಬಂದ ಮೇಲೆಯೇ ಅನುದಾನ ಬಿಡುಗಡೆಯಾಗುತ್ತದೆ.

ಎರಡು ದಾರಿ, ಒಂದಕ್ಕೆ ಮಾತ್ರ ಗಟ್ಟಿ ಬಾಗಿಲು

ಅನ್ಯಜೀವಿಗಳು ಹಡಗಿನಲ್ಲಿ ಮುಖ್ಯವಾಗಿ ಎರಡು ರೀತಿಯಲ್ಲಿ ಬರುತ್ತವೆ. ಒಂದು, ಖಾಲಿ ಹಡಗು ಸಮತೋಲಕ್ಕಾಗಿ ಟ್ಯಾಂಕುಗಳಲ್ಲಿ ತುಂಬಿಕೊಳ್ಳುವ ಬ್ಯಾಲಸ್ಟ್ ನೀರಿನಲ್ಲಿ. ಇನ್ನೊಂದು, ಹಡಗಿನ ತಳಕ್ಕೆ ಅಂಟಿಕೊಂಡು.

ಬ್ಯಾಲಸ್ಟ್ ನೀರಿಗೆ ಅಂತರರಾಷ್ಟ್ರೀಯ ಕಾನೂನು ಇದೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ ಐಎಂಒ 2004ರಲ್ಲಿ ಒಪ್ಪಿದ ಒಪ್ಪಂದ 2017ರ ಸೆಪ್ಟೆಂಬರ್ 8ರಂದು ಜಾರಿಗೆ ಬಂತು. ಮೊದಲ ಹಂತದಲ್ಲಿ, ದಡದಿಂದ 200 ನಾಟಿಕಲ್ ಮೈಲಿ ದೂರದಲ್ಲಿ, ಕನಿಷ್ಠ 200 ಮೀಟರ್ ಆಳದ ಕಡಲಲ್ಲಿ ಟ್ಯಾಂಕಿನ ನೀರಿನ ಶೇ 95ರಷ್ಟನ್ನು ಬದಲಿಸಬೇಕಿತ್ತು. ಪಂಪು ಹಾಯಿಸಿ ಬದಲಿಸುವುದಾದರೆ ಟ್ಯಾಂಕಿನ ಮೂರು ಪಟ್ಟು ನೀರು ಹಾಯಬೇಕು. 2024ರ ಸೆಪ್ಟೆಂಬರ್ 8ರಿಂದ ಎಲ್ಲ ಹಡಗುಗಳಿಗೂ ಎರಡನೇ, ಬಿಗಿಯಾದ ಮಾನದಂಡ ಅನ್ವಯಿಸುತ್ತದೆ. ಹೊರಬಿಡುವ ನೀರಿನ ಪ್ರತಿ ಘನ ಮೀಟರ್‌ನಲ್ಲಿ 50 ಮೈಕ್ರೋಮೀಟರ್ ಮತ್ತು ಅದಕ್ಕಿಂತ ದೊಡ್ಡ ಜೀವಿಗಳು ಹತ್ತಕ್ಕಿಂತ ಕಡಿಮೆ ಇರಬೇಕು. 10ರಿಂದ 50 ಮೈಕ್ರೋಮೀಟರ್ ಗಾತ್ರದವು ಪ್ರತಿ ಮಿಲಿಲೀಟರ್‌ಗೆ ಹತ್ತಕ್ಕಿಂತ ಕಡಿಮೆ ಇರಬೇಕು. ಶೋಧಕ, ಅತಿನೇರಳೆ ದೀಪ ಅಥವಾ ಕ್ಲೋರಿನ್ ಘಟಕವಿಲ್ಲದೆ ಇದನ್ನು ಸಾಧಿಸುವುದು ಕಷ್ಟ. ಇಲ್ಲಿ ಹೆಚ್ಚಾಗಿ ಎಡವುವುದು ಕೆಸರು ತುಂಬಿದ ಬಂದರುಗಳಲ್ಲಿ: ಶೋಧಕ ಕಟ್ಟಿಕೊಳ್ಳುತ್ತದೆ, ಮಬ್ಬು ನೀರಿನಲ್ಲಿ ಅತಿನೇರಳೆ ಬೆಳಕು ಒಳಗೆ ಇಳಿಯುವುದಿಲ್ಲ, ಸರಕು ತುಂಬುವ ಗಡಿಬಿಡಿಯಲ್ಲಿ ಸಿಬ್ಬಂದಿ ಘಟಕವನ್ನು ಬಿಟ್ಟು ನೇರವಾಗಿ ನೀರು ಹಾಯಿಸುತ್ತಾರೆ.

ತಳಕ್ಕೆ ಅಂಟಿ ಬರುವ ಜೀವಿಗಳಿಗೆ ಇಂಥ ಬಾಗಿಲು ಇನ್ನೂ ಇಲ್ಲ. ಐಎಂಒ 2011ರಲ್ಲಿ ಮಾರ್ಗಸೂಚಿ ಕೊಟ್ಟು, 2023ರಲ್ಲಿ ಅದನ್ನು ಪರಿಷ್ಕರಿಸಿದ್ದರೂ ಅದನ್ನು ಪಾಲಿಸುವುದು ಹಡಗಿನವರ ಇಚ್ಛೆಗೆ ಬಿಟ್ಟದ್ದು. ಕಡ್ಡಾಯ ಚೌಕಟ್ಟು ರೂಪಿಸಲು 2025ರಲ್ಲಷ್ಟೇ ಒಪ್ಪಿಗೆ ಸಿಕ್ಕಿದೆ. ದ್ವೀಪಗಳ ಪಾಲಿಗೆ ಇದೇ ದೊಡ್ಡ ಕಿಂಡಿ. ಯಾಕೆಂದರೆ ಸಣ್ಣ ದ್ವೀಪಗಳಿಗೆ ಬರುವ ವಿಹಾರ ದೋಣಿ, ಮೀನುಗಾರಿಕೆ ದೋಣಿ, ಸರಕು ಬಾರ್ಜ್‌ಗಳಲ್ಲಿ ಬ್ಯಾಲಸ್ಟ್ ನೀರು ಇರುವುದೇ ಕಡಿಮೆ. ಆದರೆ ಎಲ್ಲಕ್ಕೂ ತಳ ಇದ್ದೇ ಇರುತ್ತದೆ.

ತಳದಲ್ಲಿ ಎಲ್ಲಿ ನೋಡಬೇಕು

ಹಡಗಿನ ತಳಕ್ಕೆ ಬಳಿಯುವ ಬಣ್ಣದಲ್ಲಿ ಸಾಮಾನ್ಯವಾಗಿ ತಾಮ್ರದ ಸಂಯುಕ್ತ ಇರುತ್ತದೆ. ಹಡಗು ಚಲಿಸುವಾಗ ನೀರಿನ ಉಜ್ಜುವಿಕೆಗೆ ಬಣ್ಣದ ಮೇಲ್ಪದರ ನಿಧಾನವಾಗಿ ಸವೆದು ಹೊಸ ತಾಮ್ರ ಹೊರಬರುತ್ತದೆ. ಹೀಗಾಗಿ ಓಡುವ ಹಡಗಿಗೆ ಈ ಬಣ್ಣ ರಕ್ಷೆ, ನಿಂತ ಹಡಗಿಗೆ ಅಲ್ಲ. ಬೆಚ್ಚಗಿನ ಬಂದರಿನಲ್ಲಿ ಕೆಲವು ವಾರ ಲಂಗರು ಹಾಕಿ ನಿಂತರೆ ಮೊದಲು ಲೋಳೆ ಪದರ, ಅದರ ಮೇಲೆ ಬಾರ್ನಕಲ್ ಎಂಬ ಗಟ್ಟಿ ಚಿಪ್ಪಿನ ಅಂಟುಜೀವಿ, ಅದರ ಸಂದಿಯಲ್ಲಿ ಸ್ಪಂಜು, ಹುಳು, ಚಿಪ್ಪುಜೀವಿ ಎಂದು ಒಂದರ ಬೆನ್ನಿಗೊಂದು ಕೂರುತ್ತವೆ. ಅದಕ್ಕೇ ತಪಾಸಣೆಗೆ ಮೊದಲು ಕೇಳಬೇಕಾದ ಪ್ರಶ್ನೆ, ಹಡಗು ಎಲ್ಲಿಂದ ಬಂತು ಎನ್ನುವುದಕ್ಕಿಂತ, ಅದು ಕೊನೆಯ ಬಾರಿ ಎಲ್ಲಿ, ಎಷ್ಟು ದಿನ ಸುಮ್ಮನೆ ನಿಂತಿತ್ತು ಎನ್ನುವುದು. ಬಣ್ಣ ಬಳಿದ ದಿನಾಂಕ, ಬಣ್ಣದ ಬಗೆ, ಹಡಗನ್ನು ನೀರಿನಿಂದ ಹೊರತೆಗೆದು ದುರಸ್ತಿ ಮಾಡುವ ಡ್ರೈ ಡಾಕ್‌ಗೆ ಅದು ಕೊನೆಯ ಬಾರಿ ಹೋದದ್ದು, ಹಡಗಿನ ಸರಾಸರಿ ವೇಗ ಇವು ಆಮೇಲಿನ ಪ್ರಶ್ನೆಗಳು. ಈ ಐದು ಉತ್ತರಗಳಿಂದಲೇ ಅಪಾಯ ಹೆಚ್ಚೋ ಕಡಿಮೆಯೋ ಎಂದು ಬಹುಮಟ್ಟಿಗೆ ಅಂದಾಜಿಸಬಹುದು.

ನೀರಿಗಿಳಿದ ಡೈವರ್ ತಳದ ಸಪಾಟು ಭಾಗದಲ್ಲಿ ಹೊತ್ತು ಕಳೆಯಬಾರದು. ಅಲ್ಲಿ ನೀರಿನ ಸೆಳೆತ ಜೋರು, ಅಂಟಿಕೊಂಡದ್ದು ಬಹುಪಾಲು ಉದುರಿರುತ್ತದೆ. ಜೀವಿಗಳು ಅಡಗುವುದು ಮೂಲೆಗಳಲ್ಲಿ. ಎಂಜಿನ್ ತಂಪು ಮಾಡಲು ಕಡಲ ನೀರು ಎಳೆದುಕೊಳ್ಳುವ ಜಾಲರಿ ಪೆಟ್ಟಿಗೆಗಳು, ಮುಂಭಾಗದಲ್ಲಿ ಹಡಗನ್ನು ಪಕ್ಕಕ್ಕೆ ತಳ್ಳುವ ಪ್ರೊಪೆಲ್ಲರ್ ಇರುವ ಸುರಂಗ, ಚುಕ್ಕಾಣಿಯ ಕೀಲು, ಪ್ರೊಪೆಲ್ಲರ್ ದಂಡದ ಬುಡ, ತುಕ್ಕು ತಡೆಯಲು ಕೂರಿಸಿದ ಸತುವಿನ ಗಟ್ಟಿಗಳ ಸುತ್ತಮುತ್ತ ಮೊದಲು ಬೆಳಕು ಬಿಡಬೇಕು. ಇನ್ನೊಂದು ಜಾಗವನ್ನು ಹೊಸಬರು ಸದಾ ಮರೆಯುತ್ತಾರೆ. ಡ್ರೈ ಡಾಕ್‌ನಲ್ಲಿ ಹಡಗನ್ನು ದಿಮ್ಮಿಗಳ ಮೇಲೆ ಕೂರಿಸುತ್ತಾರೆ. ದಿಮ್ಮಿ ತಾಗಿದ ಕಡೆ ಬಣ್ಣ ಬೀಳುವುದಿಲ್ಲ. ಮುಂದಿನ ಸಲ ದಿಮ್ಮಿಗಳ ಜಾಗ ಬದಲಿಸದಿದ್ದರೆ ಆ ಪಟ್ಟಿಗಳು ವರ್ಷಗಟ್ಟಲೆ ಬರಿಮೈಯಾಗಿಯೇ ಉಳಿಯುತ್ತವೆ. ಉಳಿದೆಲ್ಲ ಕಡೆ ಲಕಲಕ ಹೊಳೆಯುವ ಹಡಗಿನ ಅಡಿಯಲ್ಲಿ ಚೌಕಾಕಾರದ ಪೊದೆಗಳು ಬೆಳೆದಿರುವುದು ಈ ಕಾರಣಕ್ಕೆ. ಜಾಲರಿ ಪೆಟ್ಟಿಗೆಗಳೊಳಗಂತೂ ಬೆಳೆದ ಏಡಿಗಳೂ ಮೀನುಗಳೂ ಜೀವಂತ ಸಿಕ್ಕಿವೆ. ಅಲೆಯ ಹೊಡೆತವಿಲ್ಲ, ಆಹಾರ ನೀರಿನ ಜತೆಗೆ ಬರುತ್ತದೆ. ಅವಕ್ಕೆ ಅದು ಪ್ರಯಾಣಿಕರ ಡಬ್ಬಿ ಇದ್ದಂತೆ.

ಕೊಳಕಾಗಿದೆ ಎಂದು ಅಲ್ಲೇ ನೀರಿನಲ್ಲಿ ಕೆರೆದು ತೆಗೆಯುವುದು ಹೊಸ ಗಂಡಾಂತರ. ವಸಾಹತಾಗಿ ಬೆಳೆಯುವ ಕಡಲ ಚೀಲಜೀವಿಗಳು (ಚೀಲದಂಥ ಮೈಯ ಟ್ಯುನಿಕೇಟ್‌ಗಳು) ತುಂಡಾದರೆ ಪ್ರತಿ ತುಂಡೂ ಹೊಸ ವಸಾಹತು. ಪೆಟ್ಟು ಬಿದ್ದ ಚಿಪ್ಪುಜೀವಿಗಳು ಆ ಆಘಾತಕ್ಕೇ ಮೊಟ್ಟೆ, ವೀರ್ಯ ಬಿಡುವುದುಂಟು. ಕೆರೆದ ಬ್ರಷ್ಷು ಬಣ್ಣವನ್ನೂ ಕಿತ್ತರೆ ತಾಮ್ರ ನೀರಿಗೆ ಸೇರುತ್ತದೆ, ಬರಿದಾದ ಜಾಗಕ್ಕೆ ಮೊದಲಿಗಿಂತ ಬೇಗ ಹೊಸ ಜೀವಿಗಳು ಮುತ್ತುತ್ತವೆ. ಹೀಗಾಗಿ ಕೆರೆದದ್ದನ್ನು ಹೀರಿಕೊಂಡು ಸೋಸುವ ಯಂತ್ರವಿಲ್ಲದಿದ್ದರೆ ದ್ವೀಪದ ಹತ್ತಿರ ಈ ಕೆಲಸ ಮಾಡಲೇಬಾರದು. ಹೊರಡುವ ಬಂದರಿನಲ್ಲೇ ಹಡಗನ್ನು ಮೇಲೆತ್ತಿ ಶುಚಿ ಮಾಡುವುದು ಸರಿಯಾದ ಕ್ರಮ.

ನ್ಯೂಜಿಲೆಂಡ್ 2018ರ ಮೇ ತಿಂಗಳಿಂದ ಇದನ್ನೇ ಕಾನೂನಾಗಿಸಿದೆ. 21 ದಿನ ಅಥವಾ ಹೆಚ್ಚು ತಂಗುವ ಹಡಗಿನ ತಳದಲ್ಲಿ ಲೋಳೆ ಪದರ ಮತ್ತು ಗೂಸ್ ಬಾರ್ನಕಲ್ ಬಿಟ್ಟು ಬೇರೇನೂ ಇರುವಂತಿಲ್ಲ. ಗೂಸ್ ಬಾರ್ನಕಲ್‌ಗೆ ಯಾಕೆ ವಿನಾಯಿತಿ ಎಂದರೆ ಅದು ನಡುಗಡಲಲ್ಲಿ ಅಂಟುವ ಜೀವಿ, ದಡದಂಚಿನಲ್ಲಿ ನೆಲೆ ನಿಲ್ಲುವುದಿಲ್ಲ. ಅದೇ ದೇಶದ ಫಿಯೋರ್ಡ್‌ಲ್ಯಾಂಡ್ ಪ್ರದೇಶ 2017ರಿಂದ ಇನ್ನೂ ಒಂದು ಹೆಜ್ಜೆ ಮುಂದಿದೆ: ಒಳಗೆ ಬರುವ ಪ್ರತಿ ದೋಣಿಗೂ ಶುಚಿತ್ವದ ಪಾಸ್ ಬೇಕು, ತಳದ ಜತೆಗೆ ಹಗ್ಗ, ಬಲೆ, ಡೈವಿಂಗ್ ಸಾಮಾನು ಒಣಗಿರಬೇಕು, ದೋಣಿಯೊಳಗೆ ಉಳಿದ ಕಡಲ ನೀರೂ ಶುದ್ಧವಾಗಿರಬೇಕು.

ನಿಯಮವಿಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಅಟ್ಲಾಂಟಿಕ್‌ನ ಟ್ರಿಸ್ಟನ್ ದ ಕುನ್ಹಾ ಸಾಕ್ಷಿ. ಬ್ರೆಜಿಲ್‌ನಿಂದ ಸಿಂಗಪುರಕ್ಕೆ ಎಳೆದೊಯ್ಯುತ್ತಿದ್ದ ತೈಲ ವೇದಿಕೆಯೊಂದು 2006ರಲ್ಲಿ ಹಗ್ಗ ತಪ್ಪಿ ತೇಲಿಬಂದು ಈ ದ್ವೀಪದ ಬಂಡೆಗೆ ಬಡಿಯಿತು. ಹೊರಡುವ ಮುಂಚೆ ಅದರ ತಳವನ್ನು ಶುಚಿ ಮಾಡಿರಲಿಲ್ಲ. ವಿಜ್ಞಾನಿಗಳು ಇಳಿದು ಎಣಿಸಿದಾಗ ಅಲ್ಲಿನವಲ್ಲದ 62 ಬಗೆಯ ಜೀವಿಗಳು ಸಿಕ್ಕವು. ವೇದಿಕೆಯ ನೆರಳಲ್ಲೇ ಈಜುತ್ತ ಬಂದಿದ್ದ ದಕ್ಷಿಣ ಅಮೆರಿಕದ ಒಂದು ಮೀನು ಈಗ ಅಲ್ಲಿ ಖಾಯಂ ನಿವಾಸಿ.

ಹೊಸಬರು ಯಾರೆಂದು ಗೊತ್ತಾಗುವುದು ಹೇಗೆ

ಇಲ್ಲಿ ವಿಜ್ಞಾನಿಯ ಕೆಲಸದ ಅತಿ ದೀರ್ಘ, ಅತಿ ನೀರಸವೆನಿಸುವ, ಆದರೆ ಬೇರೆಲ್ಲಕ್ಕೂ ಆಧಾರವಾದ ಭಾಗ ಬರುತ್ತದೆ. ಮೊದಲೇ ಏನಿತ್ತು ಎಂಬ ಪಟ್ಟಿ ಇಲ್ಲದಿದ್ದರೆ ಹೊಸದು ಯಾವುದೆಂದು ಹೇಳಲಾಗದು.

ಗಲಾಪಗೋಸ್ ಇದಕ್ಕೆ ಕಣ್ಣು ತೆರೆಸುವ ಉದಾಹರಣೆ. ದಡದ ಮೇಲಿನ ಆಮೆ, ಹಕ್ಕಿಗಳ ಬಗ್ಗೆ ಇಷ್ಟು ಅಧ್ಯಯನ ನಡೆದ ಇನ್ನೊಂದು ದ್ವೀಪಸಮೂಹ ಸಿಗುವುದು ಅಪರೂಪ. ಆದರೂ ಅದರ ಕಡಲಲ್ಲಿ ಇದ್ದ ಅನ್ಯಜೀವಿಗಳೆಂದು ಗುರುತಿಸಿದ್ದು ಕೇವಲ ಐದು. ಕಡಲ ವಿಜ್ಞಾನಿಗಳಾದ ಜೇಮ್ಸ್ ಕಾರ್ಲ್‌ಟನ್, ಇಂಟಿ ಕೀತ್ ಮತ್ತು ಗ್ರೆಗರಿ ರೂಯಿಜ್ 2019ರಲ್ಲಿ ಪ್ರಕಟಿಸಿದ ಅಧ್ಯಯನ ಆ ಸಂಖ್ಯೆಯನ್ನು 53ಕ್ಕೆ ಏರಿಸಿತು. 48 ಜೀವಿಗಳು ಏಕಾಏಕಿ ಬಂದಿಳಿದದ್ದಲ್ಲ. ಜೆಟ್ಟಿಗಳ ಅಡಿಯಲ್ಲಿ, ಮ್ಯಾಂಗ್ರೋವ್ ಬೇರುಗಳಲ್ಲಿ ಅವನ್ನು ಗುರುತಿಸಬಲ್ಲ ಕಣ್ಣುಗಳು ಅದುವರೆಗೆ ನೋಡಿರಲಿಲ್ಲ.

ನೋಡುವ ವಿಧಾನ ಅಗ್ಗದ್ದು. 14 ಸೆಂಟಿಮೀಟರ್ ಉದ್ದ, ಅಷ್ಟೇ ಅಗಲದ ಬೂದುಬಣ್ಣದ ಪಿವಿಸಿ ಫಲಕವನ್ನು ಮರಳು ಕಾಗದದಿಂದ ಉಜ್ಜಿ ಒರಟು ಮಾಡಿ, ಇಟ್ಟಿಗೆಗೆ ಕಟ್ಟಿ, ಮುಖ ಕೆಳಗಾಗಿ ಜೆಟ್ಟಿಯಿಂದ ಸುಮಾರು ಒಂದು ಮೀಟರ್ ಆಳಕ್ಕೆ ಇಳಿಬಿಡುತ್ತಾರೆ. ಮುಖ ಮೇಲಾದರೆ ಬಿಸಿಲಿಗೆ ಪಾಚಿಯೂ ಮೇಲಿಂದ ಹೂಳೂ ಕೂತು ಉಳಿದವನ್ನು ಮುಚ್ಚುತ್ತವೆ. ತೇಲುವ ಜೆಟ್ಟಿಯಾದರೆ ಒಳ್ಳೆಯದು, ಉಬ್ಬರವಿಳಿತ ಏನೇ ಆದರೂ ಫಲಕದ ಆಳ ಬದಲಾಗುವುದಿಲ್ಲ. ಮೂರು ತಿಂಗಳು ಬಿಟ್ಟು ಎತ್ತುವುದು ರೂಢಿ. ಬೇಗ ಎತ್ತಿದರೆ ಜೀವಿಗಳು ಎಳೆಯವಾಗಿದ್ದು ಗುರುತು ಸಿಗದು, ತಡವಾದರೆ ಒಂದೆರಡು ಬಲಿಷ್ಠ ಜಾತಿಗಳು ಉಳಿದವನ್ನು ನುಂಗಿಹಾಕಿರುತ್ತವೆ. ಮಳೆಗಾಲದ ತೊರೆ ಬಂದು ಸೇರುವ ಕಡೆ ತೂಗುಹಾಕಿದರೆ ಉಪ್ಪಿನಂಶ ಇಳಿದು ಫಲಕ ಖಾಲಿ ಬರುತ್ತದೆ. ಆಗ ಅನ್ಯಜೀವಿ ಇಲ್ಲ ಎಂದು ತಪ್ಪು ತಿಳಿಯುವ ಅಪಾಯವಿದೆ.

ಎತ್ತಿದ ಮೇಲಿನ ಮೊದಲ ಗಂಟೆಯೇ ನಿರ್ಣಾಯಕ. ಫಲಕವನ್ನು ಕಡಲ ನೀರಿನ ತಟ್ಟೆಯಲ್ಲಿಟ್ಟು ಜೀವಂತವಿರುವಾಗಲೇ ಫೋಟೋ ತೆಗೆಯಬೇಕು, ಬಣ್ಣ ಆಮೇಲೆ ಉಳಿಯುವುದಿಲ್ಲ. ಚೀಲಜೀವಿಯನ್ನು ನೇರವಾಗಿ ಆಲ್ಕೋಹಾಲ್‌ಗೆ ಹಾಕಿದರೆ ಮುದುಡಿ ಗಂಟಾಗುತ್ತದೆ. ಒಳಗಿನ ಕಿವಿರುಗಳ ಸಾಲು ಎಣಿಸಲಾಗದೆ ಮಾದರಿ ದಂಡ. ಅದಕ್ಕೆ ಮೊದಲು ಮೆಂಥಾಲ್ ಹರಳು ಅಥವಾ ಮೆಗ್ನೀಸಿಯಂ ಕ್ಲೋರೈಡ್ ದ್ರಾವಣ ಹಾಕಿ ಅದು ಸಡಿಲಗೊಳ್ಳುವವರೆಗೆ ಕಾಯಬೇಕು. ಆಮೇಲೆ ಒಂದು ಭಾಗ ಡಿಎನ್‌ಎ ಪರೀಕ್ಷೆಗಾಗಿ ಶೇ 95ರ ಎಥನಾಲ್‌ಗೆ, ಇನ್ನೊಂದು ಭಾಗ ದೇಹರಚನೆ ನೋಡಲು ಫಾರ್ಮಲಿನ್‌ಗೆ. ಫಾರ್ಮಲಿನ್‌ಗೆ ಬಿದ್ದದ್ದರಿಂದ ಡಿಎನ್‌ಎ ತೆಗೆಯುವುದು ಬಹಳ ಕಷ್ಟ, ಹಾಗಾಗಿ ಈ ಎರಡು ಸೀಸೆ ಅದಲುಬದಲಾದರೆ ಮೂರು ತಿಂಗಳ ಶ್ರಮ ನೀರುಪಾಲು.

ನೀರಿನಲ್ಲಿ ತೇಲುವ ಡಿಎನ್‌ಎ ತುಣುಕುಗಳನ್ನು ಸೋಸಿ ಪತ್ತೆ ಮಾಡುವ ವಿಧಾನ ಈಚೆಗೆ ಹೆಸರು ಮಾಡಿದೆ. ಲೀಟರ್ ಲೆಕ್ಕದ ನೀರು ಸೋಸಿದರೆ ಸಾಕು, ಡೈವರ್ ಕಣ್ಣಿಗೆ ಬೀಳದ್ದೂ ಸಿಗುತ್ತದೆ. ಆದರೆ ಹಡಗು ಬಿಟ್ಟ ನೀರಿನಲ್ಲಿದ್ದ ಸತ್ತ ಜೀವಿಯ ಡಿಎನ್‌ಎಯೂ ಅದರಲ್ಲಿ ಕಾಣಿಸಿಕೊಳ್ಳುತ್ತದೆ. ಹೋಲಿಸಿ ನೋಡುವ ಭಂಡಾರದಲ್ಲಿ ಆ ಪ್ರಭೇದದ ದಾಖಲೆಯೇ ಇಲ್ಲದಿದ್ದರೆ ಸಿಕ್ಕಿದ್ದೇನೆಂದು ಹೇಳಲು ಬರುವುದಿಲ್ಲ. ಭಂಡಾರ ತುಂಬಬೇಕಾದರೆ ಮತ್ತೆ ಜೀವಿಯನ್ನು ಕೈಯಲ್ಲಿ ಹಿಡಿದು ಹೆಸರಿಸುವವರೇ ಬೇಕು. ಬ್ರಯೋಜೋವಾ, ಹೈಡ್ರಾಯ್ಡ್, ಸ್ಪಂಜು, ಚೀಲಜೀವಿಗಳಂಥ ಅಂಟಿಕೊಂಡು ಬದುಕುವ ಜೀವಿಗಳ ವರ್ಗೀಕರಣ ಬಲ್ಲವರ ಸಂಖ್ಯೆ ಬಹಳ ಕಡೆ ಕುಗ್ಗುತ್ತಿದೆ. ಯಂತ್ರ ಕೊಳ್ಳಲು ಸಿಗುವಷ್ಟು ಸುಲಭವಾಗಿ ಈ ವಿದ್ಯೆ ಕಲಿಸಲು ಅನುದಾನ ಸಿಗುವುದಿಲ್ಲ. ಇದು ಈ ಕ್ಷೇತ್ರದ ಅತಿ ದೊಡ್ಡ ಕೊರತೆ.

ಸ್ಥಳೀಯವೋ ಅನ್ಯವೋ ಎಂದು ಖಚಿತವಾಗಿ ಹೇಳಲಾಗದವೂ ಇವೆ. ವಾಯವ್ಯ ಹವಾಯಿಯ ಜನವಸತಿಯಿಲ್ಲದ ಮನವಾಯ್ ಹವಳ ದ್ವೀಪದಲ್ಲಿ 2016ರಲ್ಲಿ ಕಂಡ ಒಂದು ಕೆಂಪು ಪಾಚಿ ದಪ್ಪ ಚಾಪೆಯಂತೆ ಹವಳವನ್ನು ಮುಚ್ಚತೊಡಗಿತು. 2020ರಲ್ಲಿ ಅದಕ್ಕೆ ಕಾಂಡ್ರಿಯಾ ಟ್ಯುಮುಲೋಸಾ ಎಂಬ ಹೆಸರು ಬಂತು. ಅದರ ಮೂಲ ಊರು ಯಾವುದೆಂದು ತೀರ್ಮಾನವಾಗುವವರೆಗೆ ಕಾದು ಕೂರಲಾಗದು. ಅಲ್ಲಿಗೆ ಹೋಗುವ ಹಡಗುಗಳ ತಳ ತಪಾಸಣೆ, ಡೈವಿಂಗ್ ಸಾಮಾನಿನ ಶುದ್ಧೀಕರಣ ಕಡ್ಡಾಯ. ಒಂದು ಹವಳ ದ್ವೀಪದಿಂದ ಇನ್ನೊಂದಕ್ಕೆ ಒಯ್ಯುವವರು ಸಂಶೋಧಕರೇ ಆಗಿಬಿಡಬಾರದಲ್ಲ.

ಸಿಕ್ಕಿಬಿದ್ದ ಮೇಲಿನ ವಾರಗಳು

ಆಸ್ಟ್ರೇಲಿಯಾದ ಡಾರ್ವಿನ್ ಒಂದು ಬಂದರು ನಗರ, ದ್ವೀಪವಲ್ಲ. ಆದರೂ ಅಲ್ಲಿ 1999ರಲ್ಲಿ ನಡೆದದ್ದನ್ನು ದ್ವೀಪಗಳ ಕಡಲು ಕಾಯುವವರೆಲ್ಲ ಪಾಠವಾಗಿ ಓದುತ್ತಾರೆ. ಮಾರ್ಚ್ ಕೊನೆಯಲ್ಲಿ ಅಲ್ಲಿನ ದೋಣಿಕಟ್ಟೆಯೊಂದರಲ್ಲಿ ಕಪ್ಪು ಪಟ್ಟೆಯ ಮಸೆಲ್ ದಟ್ಟವಾಗಿ ಸಿಕ್ಕಿತು. ಮಧ್ಯ ಅಮೆರಿಕದ ಮೂಲದ, ಬೆರಳುಗುರಿನಷ್ಟಿರುವ ಈ ಚಿಪ್ಪುಜೀವಿ ಭಾರತದ ಬಂದರುಗಳಲ್ಲಿ 1960ರ ದಶಕದಿಂದಲೇ ತಳವೂರಿದೆ. ಡಾರ್ವಿನ್‌ನಲ್ಲಿ ಆರು ತಿಂಗಳ ಹಿಂದಿನ ಸಮೀಕ್ಷೆಯಲ್ಲಿ ಅದು ಇರಲಿಲ್ಲ ಎಂಬ ದಾಖಲೆ ಇದ್ದದ್ದರಿಂದಲೇ ಇದು ಹೊಸತು, ಇನ್ನೂ ಹರಡಿಲ್ಲ ಎಂದು ಧೈರ್ಯವಾಗಿ ಹೇಳಲು ಸಾಧ್ಯವಾಯಿತು. ಅದೃಷ್ಟವೂ ಜತೆಗಿತ್ತು: ಸುಮಾರು ಎಂಟು ಮೀಟರ್ ಏರಿಳಿಯುವ ಉಬ್ಬರವಿಳಿತ ತಡೆಯಲು ಆ ದೋಣಿಕಟ್ಟೆಗಳಿಗೆ ನೀರು ಹಿಡಿಯುವ ಗೇಟುಗಳಿದ್ದವು. ಗೇಟು ಮುಚ್ಚಿ ಮೂರು ದೋಣಿಕಟ್ಟೆಗಳ ನೀರಿಗೆ ಕ್ಲೋರಿನ್, ಮೈಲುತುತ್ತ ಹಾಕಿದರು. ಅದಾಗಲೇ ಹೊರಟುಹೋಗಿದ್ದ ದೋಣಿಗಳನ್ನು ಹುಡುಕಿ ಹುಡುಕಿ ಪರೀಕ್ಷಿಸಿದರು. ಒಳಗಿದ್ದ ಬೇರೆ ಜೀವಿಗಳೂ ಸತ್ತವು. ಆದರೆ ಅವು ಹೊರಗಿನ ಕಡಲಿಂದ ಮರಳಿ ಬರುತ್ತವೆ ಎಂಬ ಲೆಕ್ಕ ಸರಿಯಾಗಿತ್ತು. ಮಸೆಲ್ ನಿರ್ನಾಮವಾಯಿತು. ಗೇಟು ಇಲ್ಲದ ತೆರೆದ ಬಂದರಿನಲ್ಲಿ ಈ ವಿಧಾನ ಕೆಲಸಕ್ಕೆ ಬರುವುದಿಲ್ಲ ಎನ್ನುವುದನ್ನೂ ಇದರ ಜತೆಗೇ ನೆನಪಿಡಬೇಕು.

ತೆರೆದ ಕಡಲಲ್ಲಿ ಗೆದ್ದ ಅಪರೂಪದ ಪ್ರಕರಣ ನ್ಯೂಜಿಲೆಂಡ್‌ನ ಚಾಥಮ್ ದ್ವೀಪಗಳದ್ದು. 2000ನೇ ಇಸವಿಯಲ್ಲಿ ಅಲ್ಲಿ ಮುಳುಗಿದ ಸೀಫ್ರೆಶ್ 1 ಎಂಬ ಟ್ರಾಲರ್‌ನ ಮೈಮೇಲೆ ಉಂಡಾರಿಯಾ ಕಡಲಕಳೆ ಪತ್ತೆಯಾಯಿತು. ಜಪಾನಿನಲ್ಲಿ ವಕಾಮೆ ಎಂಬ ಹೆಸರಿನಲ್ಲಿ ಉಣ್ಣುವ ಕಳೆ ಇದೇ. ಒಂದೇ ಗಿಡ ಕೋಟಿಗಟ್ಟಲೆ ಬೀಜಕಣ ಬಿಡುತ್ತದೆ, ಅವುಗಳಿಂದ ಹುಟ್ಟುವ ಕಣ್ಣಿಗೆ ಕಾಣದ ಹಂತ ಬಂಡೆಯ ಮೇಲೆ ಎರಡು ವರ್ಷಕ್ಕೂ ಮೇಲ್ಪಟ್ಟು ಸುಪ್ತವಾಗಿ ಉಳಿಯಬಲ್ಲದು. ಕಾಣುವ ಗಿಡ ಕಿತ್ತರೆ ಅರ್ಧ ಕೆಲಸವೂ ಆದಂತಲ್ಲ. ಹಾಗಾಗಿ ಹಡಗಿನ ಮೈಯನ್ನೇ ಕಾಯಿಸುವ ತೀರ್ಮಾನವಾಯಿತು. ಪ್ಲೈವುಡ್ ಪೆಟ್ಟಿಗೆಗಳ ಅಂಚಿಗೆ ಫೋಮ್ ಪಟ್ಟಿ, ಒಳಗೆ ವಿದ್ಯುತ್ ಕಾಯಿಲು. ಡೈವರ್‌ಗಳು ಅದನ್ನು ಅಯಸ್ಕಾಂತದಿಂದ ಉಕ್ಕಿನ ಮೈಗೆ ಕಚ್ಚಿಸಿ, ಮೇಲಿನ ದೋಣಿಯ ಡೀಸೆಲ್ ಜನರೇಟರ್‌ನಿಂದ ವಿದ್ಯುತ್ ಕೊಟ್ಟು, ಒಳಗಿನ ನೀರನ್ನು 70 ಡಿಗ್ರಿ ಸೆಲ್ಸಿಯಸ್‌ಗೆ ಏರಿಸಿ 10 ನಿಮಿಷ ಹಿಡಿದು, ಪಕ್ಕಕ್ಕೆ ಸರಿಸಿ ಮತ್ತೆ ಅದನ್ನೇ ಮಾಡಿದರು. ಫೋಮ್ ಎಲ್ಲಾದರೂ ಬಿಟ್ಟುಕೊಂಡಿದ್ದರೆ ಬಿಸಿ ನೀರು ಜಾರಿಹೋಗಿ ತಾಪಮಾನ ಏರುವುದೇ ಇಲ್ಲ. ಪೆಟ್ಟಿಗೆ ಕೂರದ ಮೂಲೆಗಳನ್ನು ನೀರಿನಡಿ ಉರಿಯುವ ಟಾರ್ಚ್‌ನಿಂದ ಸುಟ್ಟರು. ಈ ಕೆಲಸ ನಡೆದದ್ದು ನಾಲ್ಕು ವಾರ. ಆಮೇಲೆ ಮೂರು ವರ್ಷ ತಂಡ ಮರಳಿ ಮರಳಿ ಇಳಿದು ನೋಡುತ್ತಲೇ ಇತ್ತು. ಆ ಮೂರು ವರ್ಷಕ್ಕೆ ಹಣ ಇಟ್ಟದ್ದರಿಂದಲೇ ಗೆದ್ದೆವು ಎಂದು ಹೇಳಲು ಆಧಾರ ಸಿಕ್ಕಿತು.

ವೇಗದ ಬೆಲೆ ಅರಿಯಲು ಕಾಲರ್ಪಾ ಕಳೆಯ ಚರಿತ್ರೆ ಸಾಕು. ಈ ಹಸಿರು ಕಳೆಯ ಇಡೀ ಗಿಡ ಗೋಡೆಗಳಿಂದ ಭಾಗವಾಗದ ಒಂದೇ ಜೀವಕೋಶ, ಅದರಲ್ಲಿ ಅಸಂಖ್ಯ ಕೋಶಕೇಂದ್ರಗಳು. ಹರಿದರೆ ಗಾಯ ನಿಮಿಷಗಳಲ್ಲಿ ಮುಚ್ಚುತ್ತದೆ, ಚಿಕ್ಕ ತುಂಡೂ ಹೊಸ ಗಿಡವಾಗುತ್ತದೆ. ಕಾಲರ್ಪಾ ಟ್ಯಾಕ್ಸಿಫೋಲಿಯಾ ಒದ್ದೆಯಾದ ಕತ್ತಲಿನ ಲಂಗರು ಪೆಟ್ಟಿಗೆಯಲ್ಲಿ ನೀರಿಲ್ಲದೆ 10 ದಿನ ಬದುಕಬಲ್ಲದು. 1984ರಲ್ಲಿ ಮೊನಾಕೋ ದಡದಲ್ಲಿ ಅದು ಹಬ್ಬಿದ್ದದ್ದು ಸುಮಾರು ಒಂದು ಚದರ ಮೀಟರ್. ಒಬ್ಬ ಡೈವರ್ ಒಂದು ಮಧ್ಯಾಹ್ನದಲ್ಲಿ ತೆಗೆಯಬಹುದಾಗಿದ್ದ ಜಾಗ. ಯಾರೂ ತೆಗೆಯಲಿಲ್ಲ. 1989ಕ್ಕೆ ಒಂದು ಹೆಕ್ಟೇರ್, 2000ದ ಹೊತ್ತಿಗೆ ಆರು ದೇಶಗಳ ಕರಾವಳಿ. ಅದೇ ವರ್ಷ ಕ್ಯಾಲಿಫೋರ್ನಿಯಾದ ಒಂದು ಕಡಲಕೆರೆಯಲ್ಲಿ ಅದೇ ಕಳೆ ಕಂಡಾಗ ದಿನಗಳಲ್ಲೇ ಕಪ್ಪು ಟಾರ್ಪಾಲು ಹೊದಿಸಿ, ಅಂಚಿಗೆ ಮರಳುಚೀಲ ಹೇರಿ, ಒಳಗೆ ಕ್ಲೋರಿನ್ ಬಿಟ್ಟರು. 70 ಲಕ್ಷ ಡಾಲರ್‌ಗೂ ಹೆಚ್ಚು ಖರ್ಚಾಗಿ, 2006ರಲ್ಲಿ ನಿರ್ಮೂಲವಾಯಿತೆಂದು ಘೋಷಿಸಿದರು.

ಈಗ ಈ ಕುಲದ ಇನ್ನೊಂದು ಜಾತಿ ನ್ಯೂಜಿಲೆಂಡ್‌ನ ಅಓಟೆಯಾ, ಅಂದರೆ ಗ್ರೇಟ್ ಬ್ಯಾರಿಯರ್ ದ್ವೀಪವನ್ನು ಕಾಡುತ್ತಿದೆ. 2021ರ ಜುಲೈನಲ್ಲಿ ಪತ್ತೆಯಾಗುವಾಗಲೇ ಅದು ಹರಡಿಕೊಂಡಿತ್ತು. ಕೆಲವು ಕೊಲ್ಲಿಗಳಲ್ಲಿ ಲಂಗರು ಹಾಕುವುದನ್ನೂ ಮೀನು ಹಿಡಿಯುವುದನ್ನೂ ನಿಷೇಧಿಸಿದರು. ಕಡಲನ್ನೇ ನೆಚ್ಚಿದ ಅಲ್ಲಿನ ಮಾವೊರಿ ಕುಟುಂಬಗಳಿಗೆ ಇದು ಊಟದ ತಟ್ಟೆಗೇ ಬಿದ್ದ ಪೆಟ್ಟು. ದಪ್ಪ ಉಪ್ಪು ಸುರಿದು ಗೋಣಿ ಹೊದಿಸುವ, ಪಂಪಿನಿಂದ ಹೀರಿ ತೆಗೆಯುವ ಪ್ರಯೋಗಗಳು ನಡೆದಿವೆ. ಸಣ್ಣ ತೇಪೆಗಳಿಗೆ ಇವು ಪರವಾಗಿಲ್ಲ, ಹೆಕ್ಟೇರ್‌ಗಟ್ಟಲೆ ಹಾಸಿಗೆಗೆ ಸಾಲುವುದಿಲ್ಲ. 2023ರ ಹೊತ್ತಿಗೆ ಅದು ದೇಶದ ಮುಖ್ಯ ಭೂಭಾಗದ ಬೇ ಆಫ್ ಐಲ್ಯಾಂಡ್ಸ್ ಕೊಲ್ಲಿಯವರೆಗೆ ತಲುಪಿತ್ತು.

ತಡವಾದ ಮೇಲೆ ಉಳಿಯುವ ಕೆಲಸ

ನಿರ್ಮೂಲ ಅಸಾಧ್ಯವಾದಾಗ ಹದ್ದುಬಸ್ತಿನಲ್ಲಿಡುವುದೊಂದೇ ದಾರಿ. ಹವಾಯಿಯ ಕಾನೆಓಹೆ ಕೊಲ್ಲಿಯಲ್ಲಿ 1970ರ ದಶಕದಲ್ಲಿ ಕೃಷಿ ಪ್ರಯೋಗಕ್ಕೆಂದು ತಂದ ಕಪ್ಪಾಫೈಕಸ್ ಕುಲದ ಕಡಲಕಳೆಗಳು ಹವಳದ ಮೇಲೆ ಹಬ್ಬಿದವು. ಬಾರ್ಜ್ ಮೇಲಿಟ್ಟ ಪಂಪಿನ ಕೊಳವೆಗೆ ಡೈವರ್‌ಗಳು ಕೈಯಿಂದ ಕಳೆ ಕಿತ್ತು ಉಣಿಸುತ್ತಾರೆ. ಮೇಲೆ ಮೇಜಿನ ಮೇಲೆ ಅದರಲ್ಲಿ ಸಿಕ್ಕಿಕೊಂಡ ಸ್ಥಳೀಯ ಜೀವಿಗಳನ್ನು ಆರಿಸಿ ಕಡಲಿಗೆ ಬಿಡುತ್ತಾರೆ. ಬರೀ ಹೀರಿದರೆ ಉಳಿದ ಬುಡದಿಂದ ಕಳೆ ಮತ್ತೆ ಚಿಗುರುತ್ತದೆ. ಅದಕ್ಕೇ ಮೊಟ್ಟೆಕೇಂದ್ರದಲ್ಲಿ ಬೆಳೆಸಿದ ಸ್ಥಳೀಯ ಕಡಲ ಮುಳ್ಳುಚೆಂಡುಗಳನ್ನು ಅದೇ ಜಾಗಕ್ಕೆ ಬಿಟ್ಟು ಚಿಗುರು ಮೇಯಿಸುತ್ತಾರೆ. ಎರಡೂ ಸೇರಿದ ಕಡೆ ಕಳೆಯ ಹೊದಿಕೆ ಶೇ 85ರಷ್ಟು ತಗ್ಗಿದ್ದನ್ನು 2018ರ ಅಧ್ಯಯನ ತೋರಿಸಿತು. ಹೊರಗಿನ ಮೇಯುವ ಜೀವಿಯೊಂದನ್ನು ತರುವ ಬದಲು ಅಲ್ಲಿನದನ್ನೇ ಬಳಸಿದ್ದು ಇಲ್ಲಿನ ಜಾಣತನ.

ಬಹಾಮಾಸ್ ದ್ವೀಪಗಳಿಗೆ ಹೊರಗಿನಿಂದ ಬಂದ ಬೇಟೆಮೀನು ಲಯನ್‌ಫಿಶ್ ಕಥೆಯೂ ಹೀಗೆಯೇ. ಅದು ಸೇರಿದ ಸಣ್ಣ ಹವಳ ದಿಬ್ಬಗಳಲ್ಲಿ ಹೊಸದಾಗಿ ನೆಲೆಸುವ ಸ್ಥಳೀಯ ಮೀನುಮರಿಗಳು ಐದೇ ವಾರದಲ್ಲಿ ಶೇ 79ರಷ್ಟು ಇಳಿದವು. ಎಲ್ಲವನ್ನೂ ಹಿಡಿಯುವುದು ಆಗದ ಮಾತು. ಆದರೆ ಅದರ ಸಾಂದ್ರತೆಯನ್ನು ಶೇ 75ರಿಂದ 95ರಷ್ಟು ತಗ್ಗಿಸಿಟ್ಟ ದಿಬ್ಬಗಳಲ್ಲಿ ಸ್ಥಳೀಯ ಮೀನುಗಳ ಒಟ್ಟು ತೂಕ ಅರ್ಧಕ್ಕೂ ಹೆಚ್ಚು ಏರಿತು. ಎಷ್ಟು ಹಿಡಿದರೆ ಸಾಕು ಎಂಬ ಮಿತಿ ಗೊತ್ತಿದ್ದರೆ ಇರುವ ಡೈವರ್‌ಗಳನ್ನು ಎಲ್ಲಿಗೆ ಕಳಿಸಬೇಕೆಂದು ನಿರ್ಧರಿಸಬಹುದು.

ತಮಿಳುನಾಡು ಕರಾವಳಿಯ ಮನ್ನಾರ್ ಕೊಲ್ಲಿಯ 21 ದ್ವೀಪಗಳಲ್ಲಿ ಒಂದಾದ ಕುರುಸಡೈನಲ್ಲಿ ಕಪ್ಪಾಫೈಕಸ್ ಹವಳದ ಮೇಲೆ ಹಬ್ಬಿದ್ದು 2008ರಲ್ಲಿ ವರದಿಯಾಯಿತು. ಇದೂ ಕೃಷಿಗೆಂದು ತಂದ ಕಳೆಯೇ. ಕಡಲಕಳೆ ಕೃಷಿ ಕರಾವಳಿಯ ಮಹಿಳೆಯರಿಗೆ ಆದಾಯ ಕೊಡುತ್ತದೆ, ಅದನ್ನು ಸುಲಭವಾಗಿ ತಳ್ಳಿಹಾಕಲಾಗದು. ಆದರೆ ತೆಪ್ಪದಿಂದ ಗಾಳಿಮಳೆಗೆ ಹರಿದ ತುಂಡು ಎಲ್ಲಿಗೆ ಹೋಗುತ್ತದೆ ಎಂದು ಹವಳ ದ್ವೀಪಕ್ಕೂ ಕೃಷಿ ಜಾಗಕ್ಕೂ ನಡುವಿನ ಪ್ರವಾಹ ಅಳೆದು ನೋಡಿದ ಮೇಲೆಯೇ ಪರವಾನಗಿ ಕೊಡಬೇಕಿತ್ತು. ಈಗ ಹೊಸ ಜಾಗಗಳಿಗೆ ಕೃಷಿ ವಿಸ್ತರಿಸುವಾಗಲಾದರೂ ಈ ಅಳತೆ ಮೊದಲು ಆಗಬೇಕು.

ಯಾರು ಮಾಡಬೇಕು, ಎಷ್ಟು ದಿನ

ಮೇಲಿನ ಎಲ್ಲ ಪ್ರಕರಣಗಳಲ್ಲಿ ಗೆದ್ದದ್ದೂ ಸೋತದ್ದೂ ಬಹುಮಟ್ಟಿಗೆ ಒಂದೇ ಕಾರಣಕ್ಕೆ: ಸರಿಯಾದ ಹೊತ್ತಿನಲ್ಲಿ ನೋಡುವವರಿದ್ದರೋ ಇಲ್ಲವೋ. ಈ ಕೆಲಸಕ್ಕೆ ಬರುವ ಯುವ ವಿಜ್ಞಾನಿಗೆ ಡೈವಿಂಗ್ ಬಂದರಷ್ಟೇ ಸಾಲದು. ಸೂಕ್ಷ್ಮದರ್ಶಕದ ಕೆಳಗೆ ಕನಿಷ್ಠ ಒಂದು ಕಷ್ಟದ ಗುಂಪನ್ನಾದರೂ ಹೆಸರಿಸಲು ಬರಬೇಕು, ಹಡಗಿನ ರಚನೆ ಗೊತ್ತಿರಬೇಕು, ದೋಣಿ ಮಾಲೀಕರ ಜತೆ ಜಗಳವಾಡದೆ ನಿಯಮ ಒಪ್ಪಿಸುವ ನಾಲಿಗೆ ಇರಬೇಕು. ಇವೆಲ್ಲ ಕೂಡಿಬರಲು ಹತ್ತು ವರ್ಷ ಹಿಡಿಯುತ್ತದೆ. ಆದರೆ ಬಹಳಷ್ಟು ಕಡೆ ಅವರಿಗೆ ಸಿಗುವುದು ಎರಡು, ಮೂರು ವರ್ಷದ ಯೋಜನೆಯ ಗುತ್ತಿಗೆ. ಯೋಜನೆ ಮುಗಿದ ದಿನ ಫಲಕಗಳು ಜೆಟ್ಟಿಯಡಿ ತೂಗುತ್ತಲೇ ಇರುತ್ತವೆ, ಎತ್ತುವವರು ಬೇರೆ ಕೆಲಸಕ್ಕೆ ಹೋಗಿರುತ್ತಾರೆ. ಮಾದರಿ ಸೀಸೆಗಳ ಎಥನಾಲ್ ಆರಿಹೋಗುತ್ತದೆ.

ಹಣ ಕಡಿಮೆ ಇರುವ ಸಣ್ಣ ದ್ವೀಪವೊಂದು ಮೊದಲು ಏನು ಮಾಡಬೇಕು? ಬರುವ ದೋಣಿಗಳಿಗೆ ತಳದ ನಿಯಮ ಮತ್ತು ಹೊರಡುವ ಬಂದರಿನಲ್ಲೇ ಶುಚಿ ಮಾಡಿದ ಪುರಾವೆ. ಮುಖ್ಯ ಜೆಟ್ಟಿಗಳಲ್ಲಿ ವರ್ಷವಿಡೀ ಫಲಕಗಳು. ಅವನ್ನು ಓದಬಲ್ಲ ಇಬ್ಬರು ಖಾಯಂ ನೌಕರರು, ಒಂದು ಸಣ್ಣ ದೋಣಿ, ಒಂದು ಸೂಕ್ಷ್ಮದರ್ಶಕ, ಬೀಗ ಹಾಕಿದ ಮಾದರಿ ಕಪಾಟು. ಹೊಸದೇನಾದರೂ ಸಿಕ್ಕರೆ ಯಾರ ಅಪ್ಪಣೆಗೂ ಕಾಯದೆ ಕೊಲ್ಲಿ ಮುಚ್ಚುವ, ದೋಣಿ ತಡೆಯುವ ಅಧಿಕಾರ ಮೊದಲೇ ಕಾಗದದ ಮೇಲೆ ಬರೆದಿಟ್ಟಿರಬೇಕು. ಅದಕ್ಕೆ ಬೇಕಾದ ತುರ್ತು ನಿಧಿ ಖಾತೆಯಲ್ಲಿರಬೇಕು. ಟಾರ್ಪಾಲು, ಮರಳುಚೀಲ, ಕ್ಲೋರಿನ್ ಮಾತ್ರೆಗಳ ದಾಸ್ತಾನು ದ್ವೀಪದಲ್ಲೇ ಇರಬೇಕು, ಏಕೆಂದರೆ ಮುಖ್ಯ ಭೂಭಾಗದಿಂದ ಅವು ದೋಣಿಯಲ್ಲಿ ಬರುವಷ್ಟರಲ್ಲಿ ಕಾಲರ್ಪಾದ ಮೊದಲ ತೇಪೆ ಹರಿದು ಹತ್ತು ಕಡೆ ಬೇರೂರಿರುತ್ತದೆ.